ಹೊಲದ ಬದುವಿನ ಮಾಸ್ತಿಕಲ್ಲು: ಪೂಜೆ ಬಿಡಬೇಕೇ, ಕಲ್ಲು ಕೀಳಬೇಕೇ?

ಪ್ರಶ್ನೆ:

ನಾವು ನಾಗಮಂಗಲ ತಾಲ್ಲೂಕಿನವರು. ನಮ್ಮ ರಾಗಿ ಹೊಲದ ಬದುವಿನಲ್ಲಿ ಒಂದು ಹಳೇ ಕಲ್ಲಿದೆ. ನೆಲದಿಂದ ಮೇಲೆ ನಾಲ್ಕೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ, ಒಂದು ಗೇಣು ದಪ್ಪ. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದ ಗಂಡಸು, ಪಕ್ಕದಲ್ಲಿ ದನಗಳು. ಅದರ ಮೇಲಿನ ಸಾಲಿನಲ್ಲಿ ಒಂದು ಕಂಬ, ಕಂಬದಿಂದ ಹೊರಟ ಒಂದು ಕೈ. ಕೈತುಂಬ ಬಳೆ, ಬೆರಳ ಸಂದಿಯಲ್ಲಿ ಗುಂಡಗಿನದು ಏನೋ ಇದೆ. ತುದಿಯಲ್ಲಿ ಸೂರ್ಯ, ಚಂದ್ರ. ಸಾಲುಗಳ ನಡುವೆ ಅಕ್ಷರಗಳಿದ್ದವು. ಹೋದ ವರ್ಷ ದಾಯಾದಿಗಳು ಹಸಿರು ಎನಾಮಲ್ ಬಳಿದು ಮುಚ್ಚಿಹೋಗಿವೆ. ನಾವು ‘ಮಾಸ್ತಮ್ಮ’ ಅನ್ನುತ್ತೇವೆ. ವರ್ಷಕ್ಕೊಮ್ಮೆ ಎಡೆ ಇಟ್ಟು, ಬಳೆ, ಅರಿಶಿನ ಕುಂಕುಮ ಏರಿಸುತ್ತೇವೆ.

ಡಿಗ್ರಿ ಓದುತ್ತಿರುವ ಮಗಳು ಇದು ಸತಿ ಪೂಜೆ, ಕಾನೂನಿನ ಪ್ರಕಾರ ತಪ್ಪು, ನಿಲ್ಲಿಸಿ ಅನ್ನುತ್ತಾಳೆ. ‘ಇಂಥದ್ದು ನಮ್ಮಲ್ಲಿ ಮಾತ್ರ ಇತ್ತಾ?’ ಅಂತಲೂ ಕೇಳುತ್ತಾಳೆ. ನಮ್ಮ ತಾಯಿ, ‘ಎಡೆ ಇಕ್ಕದೆ ಬುಟ್ರೆ ಮನೆ ಹೆಣ್ಣೈಕ್ಳಿಗೆ ಒಳ್ಳೇದಾಗಕಿಲ್ಲ’ ಅಂತ ಊಟ ಬಿಡುತ್ತಾರೆ. ದಾಯಾದಿಗಳು ಚಂದಾ ಎತ್ತಿ ಗುಡಿ ಕಟ್ಟಲು ಹೊರಟಿದ್ದಾರೆ. ಈ ನಡುವೆ ರಸ್ತೆ ಅಗಲ ಮಾಡುವವರು ಕಲ್ಲನ್ನು ಜೆಸಿಬಿಯಲ್ಲಿ ಕಿತ್ತು ಕೆರೆ ಏರಿಗೆ ಹಾಕುತ್ತೇವೆ ಅಂದಿದ್ದಾರೆ. ಸಾಲದ್ದಕ್ಕೆ, ಹೋದ ವಾರ ಯಾರೋ ರಾತ್ರಿ ಕಲ್ಲಿನ ಹಿಂದೆ ಎರಡಡಿ ಗುಂಡಿ ತೋಡಿದ್ದಾರೆ. ಕೈಯಲ್ಲಿರುವ ಗುಂಡು ಚಿನ್ನದ ಗುರುತು, ಕೆಳಗೆ ನಿಧಿ ಇದೆ ಎಂಬ ಮಾತು ಎದ್ದಿದೆ. ಪುರಾತತ್ವದವರಿಗೆ ಹೇಳೋಣವೆಂದರೆ ಹೊಲವೇ ಹೋಗುತ್ತದೆ ಎಂದು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ:

ಮೊದಲು ಗುಂಡಿ. ಮಿಕ್ಕಿದ್ದಕ್ಕೆಲ್ಲ ಯೋಚಿಸಲು ಸಮಯವಿದೆ, ಇದಕ್ಕಿಲ್ಲ. ಇಂಥ ಕಲ್ಲುಗಳಿಗೆ ಪಾಯ ಇರುವುದಿಲ್ಲ. ಒಂದೂವರೆ ಎರಡು ಅಡಿ ಬುಡ ಮಣ್ಣಿನಲ್ಲಿ ಹೂತು, ಸುತ್ತ ಸಣ್ಣ ಕಲ್ಲು ಗಿಡಿದಿರುತ್ತಾರೆ, ಅಷ್ಟೆ. ಹಿಂದಿನ ಮಣ್ಣು ತೆಗೆದರೆ ಆಸರೆ ತಪ್ಪಿ ಒಂದೇ ಜೋರು ಮಳೆಗೆ ಮಲಗಿಬಿಡುತ್ತದೆ. ಗುಂಡಿಯ ನಾಲ್ಕೈದು ಫೋಟೊ ತೆಗೆದುಕೊಳ್ಳಿ, ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ ಅದೇ ಮಣ್ಣನ್ನು ಅರ್ಧರ್ಧ ಅಡಿಯಾಗಿ ತುಂಬಿ, ಒಂದೊಂದು ಪದರಕ್ಕೂ ಸ್ವಲ್ಪ ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಸಿ. ಸಿಮೆಂಟ್ ಕಾಂಕ್ರೀಟ್ ಹಾಕಿಸಬೇಡಿ. ಏಕೆಂದು ಮುಂದೆ ಹೇಳುತ್ತೇನೆ.

ನಿಧಿಯ ಮಾತು ಪೂರ್ತಿ ಸುಳ್ಳು. ನಿಧಿ ಹೂಳುವವನು ಯಾರಿಗೂ ತಿಳಿಯಬಾರದೆಂದು ಹೂಳುತ್ತಾನೆ. ದಾರಿಹೋಕರಿಗೆಲ್ಲ ಕಾಣುವ ಹಾಗೆ ನಾಲ್ಕೂವರೆ ಅಡಿ ಕಲ್ಲು ನಿಲ್ಲಿಸಿ, ಅದರ ಮೇಲೆ ಚಿತ್ರ ಕೆತ್ತಿಸಿ ಗುರುತು ಹೇಳುವುದಿಲ್ಲ. ಬೆರಳ ಸಂದಿಯ ಗುಂಡು ನಿಂಬೆಹಣ್ಣು. ಸೂರ್ಯ ಚಂದ್ರರು ಬರೀ ಸ್ಮಾರಕಗಳ ಮೇಲಲ್ಲ, ದಾನಶಾಸನಗಳ ಮೇಲೂ ಇರುತ್ತಾರೆ. ಅವರಿರುವ ತನಕ ಈ ಹೆಸರು, ಈ ದಾನ ನಡೆಯಲಿ ಎಂಬುದಷ್ಟೇ ಅದರ ಅರ್ಥ. ಅಗೆದವನಿಗೆ ಸಿಗುವುದು ಗಿಡಿದ ಸೈಜುಗಲ್ಲು, ಹೆಚ್ಚೆಂದರೆ ಒಡೆದ ಮಡಕೆಯ ಚೂರು. ಹಾಗೊಂದು ವೇಳೆ ಎಲ್ಲಾದರೂ ನಿಜವಾಗಿ ನಿಧಿ ಸಿಕ್ಕಿದರೂ, 1962ರ ಕರ್ನಾಟಕ ನಿಕ್ಷೇಪ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟುಕೊಳ್ಳುವುದು ಅಪರಾಧ. ಈ ಮಾತನ್ನು ಊರಿನ ಅರಳಿಕಟ್ಟೆಯಲ್ಲಿ ನಾಲ್ಕು ಜನರ ಕಿವಿಗೆ ಹಾಕಿ. ರಾತ್ರಿ ಕಾವಲಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಕಲ್ಲು. ನೀವು ಬರೆದಿರುವ ವಿವರ ಇಷ್ಟು ಚೆನ್ನಾಗಿರುವುದರಿಂದ ಅನುಮಾನಕ್ಕೆ ಎಡೆಯಿಲ್ಲ. ಅದು ಹೋರಾಡಿ ಸತ್ತವನ ನೆನಪಿನ ವೀರಗಲ್ಲು ಮತ್ತು ಗಂಡನ ಹಿಂದೆ ಪ್ರಾಣ ಬಿಟ್ಟ ಹೆಂಡತಿಯ ನೆನಪಿನ ಮಾಸ್ತಿಕಲ್ಲು (ಮಹಾಸತಿ ಕಲ್ಲು) ಎರಡೂ ಸೇರಿದ್ದು. ಕೆಳಗಿನ ಸಾಲು ಸಾವಿನ ಕಾರಣ ಹೇಳುತ್ತದೆ. ದನ ಇದ್ದರೆ ತುರುಗೊಳ್, ಅಂದರೆ ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು. ನಮ್ಮ ಕಡೆಯ ವೀರಗಲ್ಲುಗಳಲ್ಲಿ ದೊಡ್ಡ ದೊಡ್ಡ ರಾಜರ ಯುದ್ಧಕ್ಕಿಂತ ಇಂಥ ಊರಿನ ಜಗಳಗಳೇ ಹೆಚ್ಚು. ಅದರ ಮೇಲಿನ ಸಾಲಿನಲ್ಲಿ ಸಾಮಾನ್ಯವಾಗಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ, ಎಲ್ಲಕ್ಕಿಂತ ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ನಿಮ್ಮ ಕಲ್ಲಿನಲ್ಲಿ ಅಪ್ಸರೆಯರ ಜಾಗದಲ್ಲಿ, ಅಥವಾ ಅವರ ಪಕ್ಕದಲ್ಲಿ, ಕಂಬದ ಕೈ ಬಂದಿದೆ. ಮೊಣಕೈಯಲ್ಲಿ ಮಡಿಚಿ ಅಂಗೈ ಮೇಲೆತ್ತಿದ ಈ ತೋಳು ಅವನ ಹೆಂಡತಿಯದು. ಮಣಿಕಟ್ಟನ್ನು ಹತ್ತಿರದಿಂದ ನೋಡಿ. ಬಳೆ ಒಂದೂ ಒಡೆದಿರುವುದಿಲ್ಲ. ಗಂಡ ಸತ್ತ ಮೇಲೂ ಬಳೆ ಒಡೆಯಿಸಿಕೊಳ್ಳದೆ, ಮುತ್ತೈದೆಯಾಗಿಯೇ ಹೋದಳು ಎಂದು ಶಿಲ್ಪಿ ಹೇಳುವ ರೀತಿ ಇದು. ಕೆಲವು ಕಲ್ಲುಗಳಲ್ಲಿ ಕನ್ನಡಿಯೂ ಇರುತ್ತದೆ. ಒಂದಕ್ಕಿಂತ ಹೆಚ್ಚು ತೋಳು ಇದ್ದರೆ ಅಷ್ಟು ಜನ ಹೆಂಡತಿಯರು ಎಂದು ಲೆಕ್ಕ.

ಹೆಣ್ಣಿನ ಆಕೃತಿ ಇರುವ ಕಲ್ಲುಗಳೆಲ್ಲ ಮಾಸ್ತಿಕಲ್ಲಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಊರುಗಳಲ್ಲಿ ಈ ಗೊಂದಲ ತುಂಬ. ಸಾಲಾಗಿ ಏಳು ಜನ ಕೂತಿದ್ದರೆ ಸಪ್ತಮಾತೃಕೆಯರು. ಜೈನರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರಿಗೆ ನಿಲ್ಲಿಸಿದ್ದು ನಿಷಿಧಿ, ಅದರಲ್ಲಿ ತೋಳೂ ಇರುವುದಿಲ್ಲ, ಕತ್ತಿಯೂ ಇರುವುದಿಲ್ಲ. ಕಂಬದಿಂದ ಹೊರಟ ಬಳೆ ತೊಟ್ಟ ತೋಳು ಇದ್ದರೆ ಮಾತ್ರ ಗಟ್ಟಿಯಾಗಿ ಮಾಸ್ತಿ ಎನ್ನಬಹುದು.

ಅಂದರೆ ಮಗಳು ಹೇಳಿದ್ದರಲ್ಲಿ ಅರ್ಧ ನಿಜ. ಇದು ಗಂಡನ ಹಿಂದೆ ಪ್ರಾಣ ಬಿಟ್ಟ ಹೆಣ್ಣಿನ ಸ್ಮಾರಕವೇ. ಅವಳು ಇಷ್ಟಪಟ್ಟು ಹೋದಳೋ ಬಲವಂತಕ್ಕೆ ಹೋದಳೋ ಎಂಬ ಪ್ರಶ್ನೆಗೆ ಮಾತ್ರ ಕಲ್ಲು ಉತ್ತರ ಕೊಡುವುದಿಲ್ಲ. ಕಲ್ಲು ನಿಲ್ಲಿಸಿದವರು ಉಳಿದವರು. ಅವರಿಗೆ ಹೇಳಬೇಕೆನಿಸಿದ್ದನ್ನು ಕೆತ್ತಿಸಿದರು. ಆದರೂ ಅಪರೂಪಕ್ಕೊಮ್ಮೆ ಬೇರೆ ದನಿ ಕೇಳುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ರವಿಗನ ಮಗಳು ದೇಕಬ್ಬೆ, ಗಂಡ ಏಚ. ಏಚ ಮಲ್ಲಯುದ್ಧದಲ್ಲಿ ದೊರೆಯ ಸಂಬಂಧಿಯೊಬ್ಬನನ್ನು ಕೊಂದ, ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಬಂದಾಗ ದೇಕಬ್ಬೆ ಬೆಂಕಿಗೆ ಹೊರಡುತ್ತಾಳೆ, ತಂದೆತಾಯಿ ತಡೆಯುತ್ತಾರೆ, ಅವಳು ಕೇಳುವುದಿಲ್ಲ. ಪದ್ಯ ಬರೆದ ಮಲ್ಲ ಅವಳನ್ನು ಕೊಂಡಾಡುತ್ತಾನೆ, ನಿಜ. ಆದರೆ ಹೆತ್ತವರು ಬೇಡವೆಂದದ್ದನ್ನೂ ಅವನೇ ದಾಖಲಿಸಿದ್ದಾನೆ. ‘ಆ ಕಾಲದಲ್ಲಿ ಎಲ್ಲರೂ ಒಪ್ಪಿದ್ದರು’ ಎನ್ನುವವರಿಗೆ ಬೆಳತೂರಿನ ಕಲ್ಲನ್ನು ತೋರಿಸಬೇಕು. ಶಾಸ್ತ್ರಕಾರರಲ್ಲೂ ಒಮ್ಮತವಿರಲಿಲ್ಲ. ಮನುಸ್ಮೃತಿಗೆ ವ್ಯಾಖ್ಯಾನ ಬರೆದ ಮೇಧಾತಿಥಿಯೇ ಇದನ್ನು ಒಪ್ಪಲಿಲ್ಲ.

ಹಾಗೆಯೇ ‘ಎಲ್ಲ ಹೆಂಗಸರನ್ನೂ ಸುಡುತ್ತಿದ್ದರು’ ಎಂಬುದೂ ಸರಿಯಲ್ಲ. ಇದು ಮುಖ್ಯವಾಗಿ ಕತ್ತಿ ಹಿಡಿದ ಮನೆತನಗಳ, ನಾಡ ಒಡೆಯರ, ಊರ ಗೌಡರ ನಡುವಿನ ರೂಢಿ. ಗಂಡ ಸತ್ತ ಹೆಂಗಸರಲ್ಲಿ ಬಹುಪಾಲು ಜನ ಬದುಕಿ, ಗೇಯ್ದು, ಮಕ್ಕಳನ್ನು ಸಾಕಿದರು. ಅವರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಆದ್ದರಿಂದ ಬರೀ ಕಲ್ಲುಗಳನ್ನು ಎಣಿಸಿ ಹಳೆಯ ಸಮಾಜವನ್ನು ಅಳೆಯಲು ಬರುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಗಳಲ್ಲೇ ಕಾಣುತ್ತದೆ. ದೊರೆಗಾಗಿ ಜೊತೆಯಲ್ಲಿ ಸಾಯುವುದು ಆಗ ಹೆಣ್ಣಿಗೆ ಮಾತ್ರ ಮೀಸಲಾಗಿರಲಿಲ್ಲ. ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಗಂಗರ ಕಾಲದ ಕಲ್ಲಿನಲ್ಲಿ ದೊರೆ ನೀತಿಮಾರ್ಗ ಸಾಯುತ್ತ ಮಲಗಿದ್ದಾನೆ, ಅವನ ಮನೆಯಾಳು ಅಗರಯ್ಯ ಜೊತೆಗಿದ್ದಾನೆ. ಅಗರಯ್ಯ ದೊರೆಯೊಡನೆ ‘ಕೀಳ್ಗುಂಟೆ’ಯಾದ, ಅಂದರೆ ಅವನ ಜೊತೆ ತಾನೂ ಹೂಳಿಸಿಕೊಂಡ ಎಂದು ಶಾಸನ ಹೇಳುತ್ತದೆ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಹೊಯ್ಸಳರ ಗರುಡರದು. ದೊರೆ ತೀರಿದರೆ ತಾವೂ ಬದುಕುವುದಿಲ್ಲವೆಂದು ಭಾಷೆ ಕೊಟ್ಟವರು ಅವರು. ಮನೆಯ ಹೆಂಗಸರೂ ಆಳುಗಳೂ ಅವರ ಜೊತೆಗೇ ಹೋದರು. ಇಬ್ಬರಿಗೂ ಇದ್ದ ವ್ಯತ್ಯಾಸವೆಂದರೆ, ಗರುಡ ಭಾಷೆ ಕೊಟ್ಟದ್ದು ಬಾಯಿ ಬಿಟ್ಟು, ಅನ್ನ ಭೂಮಿ ಪಡೆದು. ಹೆಂಡತಿಯ ಭಾಷೆಯನ್ನು ಅವಳ ಪರವಾಗಿ ಮದುವೆಯೇ ಕೊಟ್ಟುಬಿಟ್ಟಿತ್ತು.

ಮಗಳ ಇನ್ನೊಂದು ಪ್ರಶ್ನೆ, ನಮ್ಮಲ್ಲಿ ಮಾತ್ರವೇ ಎಂದು. ಅಲ್ಲ. 922ರಲ್ಲಿ ಬಾಗ್ದಾದಿನ ದೂತ ಇಬ್ನ್ ಫದ್ಲಾನ್ ವೋಲ್ಗಾ ನದಿಯ ದಡದಲ್ಲಿ ರುಸ್ ಜನರ ಮುಖಂಡನೊಬ್ಬನ ಶವಸಂಸ್ಕಾರ ನೋಡಿ ಬರೆದಿಟ್ಟಿದ್ದಾನೆ. ‘ಇವನ ಜೊತೆ ಯಾರು ಸಾಯುತ್ತೀರಿ?’ ಎಂದು ದಾಸಿಯರನ್ನು ಕೇಳುತ್ತಾರೆ, ಒಬ್ಬಳು ‘ನಾನು’ ಅನ್ನುತ್ತಾಳೆ. ಅಲ್ಲಿಂದ ಮುಂದೆ ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅವಳಿಗೆ ಹೆಂಡ ಕುಡಿಸುತ್ತಾರೆ. ಕೊಲ್ಲುವ ಹೊತ್ತಿಗೆ ಗಂಡಸರು ದೊಣ್ಣೆಗಳಿಂದ ಗುರಾಣಿ ಬಡಿಯುತ್ತಾರೆ, ಅವಳ ಕೂಗು ಕೇಳಿ ಬೇರೆ ಹುಡುಗಿಯರು ಮುಂದೆ ಹಿಂಜರಿಯದಿರಲಿ ಎಂದು. ಬಾಲಿ ದ್ವೀಪದ ತಬಾನನ್‌ನಲ್ಲಿ 1903ರಷ್ಟು ಈಚೆಗೆ ತೀರಿಹೋದ ರಾಜನ ಚಿತೆಗೆ ಅವನ ಹೆಂಡತಿಯರು ಬಿದ್ದರು, ಡಚ್ಚರು ಆಮೇಲೆ ನಿಲ್ಲಿಸಿದರು.

ಚೀನಾದ ಉದಾಹರಣೆ ನನಗೆ ಇವೆಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುವಂಥದ್ದು ಎನಿಸುತ್ತದೆ, ಏಕೆಂದರೆ ಅಲ್ಲಿ ಲಾಭ ಯಾರಿಗೆ ಎಂಬುದು ಕಾಗದದ ಮೇಲೇ ಇದೆ. ಮಿಂಗ್ ದೊರೆಗಳ ಕಾಲದ ಆಜ್ಞೆಯಂತೆ, 30 ವರ್ಷದೊಳಗೆ ವಿಧವೆಯಾಗಿ 50 ದಾಟುವವರೆಗೆ ಮರುಮದುವೆಯಾಗದೆ ಉಳಿದವಳ ಮನೆಗೆ ಸರ್ಕಾರದ ಗೌರವ, ಜೊತೆಗೆ ಮನೆಯವರಿಗೆಲ್ಲ ಬಿಟ್ಟಿ ದುಡಿಮೆಯಿಂದ ವಿನಾಯಿತಿ. ಇಂಥ ವಿಧವೆಯರ ಹೆಸರಿನಲ್ಲಿ ಎತ್ತಿದ ಕಲ್ಲಿನ ಕಮಾನುಗಳು ಈಗಲೂ ಅಲ್ಲಲ್ಲಿ ನಿಂತಿವೆ. ಅಲ್ಲಿ ಅವಳು ಬದುಕಿರಬೇಕಿತ್ತು, ಇಲ್ಲಿ ಸಾಯಬೇಕಿತ್ತು. ಆದರೆ ಎರಡು ಕಡೆಯೂ ಹೆಸರು, ಮಾನ, ಸವಲತ್ತು ಬಂದದ್ದು ಮನೆತನಕ್ಕೆ. ನಮ್ಮಲ್ಲೂ ಹೋರಾಡಿ ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’ಯೆಂದು ಭೂಮಿ ಸಿಗುತ್ತಿತ್ತು. ಆ ಭೂಮಿಯನ್ನು ಉಳುವವರು ಗಂಡನ ಕಡೆಯವರು. ಮಕ್ಕಳಿಲ್ಲದ ಎಳೆ ವಿಧವೆಗೆ ಅದೇ ಮನೆಯಲ್ಲಿ ಇದ್ದ ಜಾಗ ಎಂಥದ್ದೆಂದು ಹೇಳಬೇಕಿಲ್ಲ. ಬೆಂಗಾಲದಲ್ಲಿ ದಾಯಭಾಗ ಎಂಬ ಆಸ್ತಿ ಹಂಚಿಕೆಯ ಪದ್ಧತಿ ವಿಧವೆಗೆ ಗಂಡನ ಪಾಲಿನ ಮೇಲೆ ಹಕ್ಕು ಕೊಟ್ಟಿತ್ತು, ಅಲ್ಲೇ ಸಹಗಮನ ವಿಪರೀತವಾಯಿತು. ಈ ನಂಟನ್ನು ಅನೇಕ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ತಂದ ನಿಷೇಧ ಸಹಗಮನವನ್ನು ಕಾನೂನುಬಾಹಿರ ಮಾಡಿತು. ಆದರೆ ಬದುಕಿ ಉಳಿದವಳ ಹೊಟ್ಟೆಪಾಡಿಗೆ ಅದರಲ್ಲಿ ಏನೂ ಇರಲಿಲ್ಲ. ಆ ಪ್ರಶ್ನೆಗೆ ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದು, ವಿಧವೆಗೆ ಆಸ್ತಿಯಲ್ಲಿ ಪಾಲು ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥ ಕಾಯ್ದೆ ಬಂದದ್ದು 1937ಕ್ಕೆ. ಮಗಳಿಗೆ ಇದನ್ನು ಹೇಳಿ. ಮಾಸ್ತಿಕಲ್ಲಿನ ಜೊತೆಗೇ ಓದಬೇಕಾದ ದಾಖಲೆ ಅದು.

ಈಗ ಪೂಜೆ ಮತ್ತು ಕಾನೂನು. ರಾಜಸ್ಥಾನದ ದೇವರಾಲಾದಲ್ಲಿ 1987ರ ಸೆಪ್ಟೆಂಬರ್‌ನಲ್ಲಿ ರೂಪ್ ಕನ್ವರ್ ಎಂಬ ಹದಿನೆಂಟರ ಹೆಣ್ಣುಮಗಳು ಚಿತೆಯಲ್ಲಿ ಸತ್ತ ಮೇಲೆ ಸತಿ ತಡೆ ಕಾಯ್ದೆ ಬಂತು. ಅದು ಸತಿಯ ವೈಭವೀಕರಣವನ್ನೂ ಅಪರಾಧ ಮಾಡಿದೆ. 1 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸಜೆ, 5,000ದಿಂದ 30,000 ರೂಪಾಯಿ ದಂಡ. ವೈಭವೀಕರಣ ಎಂದರೆ ಉತ್ಸವ ಮೆರವಣಿಗೆ ನಡೆಸುವುದು, ಸತಿ ಪದ್ಧತಿಯನ್ನು ಸಮರ್ಥಿಸುವುದು ಪ್ರಚಾರ ಮಾಡುವುದು, ಸತಿಯಾದವಳನ್ನು ಕೊಂಡಾಡುವ ಸಮಾರಂಭ ಏರ್ಪಡಿಸುವುದು, ಅವಳ ಹೆಸರಿನಲ್ಲಿ ಟ್ರಸ್ಟ್ ಮಾಡುವುದು, ಹಣ ಎತ್ತುವುದು, ಗುಡಿ ಕಟ್ಟುವುದು. ಘಟನೆ ಕಾಯ್ದೆಗೆ ಮೊದಲೇ ನಡೆದಿದ್ದರೂ ಇದು ಅನ್ವಯಿಸುತ್ತದೆ. ‘ಐನೂರು ವರ್ಷದ ಹಿಂದಿನದು’ ಎಂಬ ಜವಾಬು ನಡೆಯುವುದಿಲ್ಲ. ಕಟ್ಟಿದ ಗುಡಿಯನ್ನು ತೆಗೆಸುವ ಅಧಿಕಾರವನ್ನೂ ಕಾಯ್ದೆ ಕೊಟ್ಟಿದೆ.

ಕಲ್ಲನ್ನು ಇಟ್ಟುಕೊಳ್ಳುವುದು, ಕಾಪಾಡುವುದು, ಓದುವುದು ತಪ್ಪಲ್ಲ. ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲೇ ಮಾಸ್ತಿಕಲ್ಲುಗಳಿವೆ. ತೊಂದರೆ ಇರುವುದು ನಿಮ್ಮ ದಾಯಾದಿಗಳ ಯೋಜನೆಯಲ್ಲಿ. ಚಂದಾ ರಸೀದಿ ಪುಸ್ತಕ ಮತ್ತು ಗುಡಿ, ಎರಡೂ ಕಾಯ್ದೆಯ ಮಾತಿಗೆ ನೇರವಾಗಿ ಸಿಕ್ಕಿಬೀಳುತ್ತವೆ. ರಸೀದಿ ಮೇಲೆ ಸಹಿ ಹಾಕಿದವರೇ ಮೊದಲು ಉತ್ತರ ಹೇಳಬೇಕಾಗುತ್ತದೆ. ಅವರಿಗೆ ನೀವು ಹೇಳುವುದಕ್ಕಿಂತ ವಕೀಲರೊಬ್ಬರಿಂದ ಹೇಳಿಸಿದರೆ ದಾಯಾದಿ ಜಗಳದ ಬಣ್ಣ ಬರುವುದಿಲ್ಲ. ಈಗಾಗಲೇ ಎತ್ತಿದ ದುಡ್ಡನ್ನು ಕೊಟ್ಟವರಿಗೆ ವಾಪಸು ಮಾಡಿ ಬರಹದಲ್ಲಿ ಇಟ್ಟುಕೊಳ್ಳಲಿ.

ಮನೆಯ ಎಡೆ ಬೇರೆ ಮಾತು. ಅದನ್ನು ಪೂರ್ತಿ ಬಿಡುವುದು ಒಂದು ದಾರಿ. ಕಾನೂನಿನ ಚಿಂತೆ ಇರುವುದಿಲ್ಲ, ಆದರೆ ಪೂಜೆ ನಿಂತ ಕಲ್ಲು ಎರಡು ಮೂರು ವರ್ಷದಲ್ಲಿ ಅನಾಥವಾಗುತ್ತದೆ. ಬಟ್ಟೆ ಒಗೆಯುವುದಕ್ಕೋ ಚರಂಡಿ ಮುಚ್ಚುವುದಕ್ಕೋ ಹೋದ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಹೀಗೇ ಮುಂದುವರಿಸುವುದು ಇನ್ನೊಂದು ದಾರಿ. ಆದರೆ ಇಂದು ಮನೆಯ ಎಡೆ, ನಾಳೆ ಊರಹಬ್ಬ, ನಾಡಿದ್ದು ‘ಸತಿಯ ಪವಾಡ’ದ ಫ್ಲೆಕ್ಸು ಎಂದು ಬೆಳೆಯುವ ಅಪಾಯ ಅಲ್ಲಿದೆ. ನನ್ನ ಸಲಹೆ ಇವೆರಡರ ನಡುವಿನದು. ಹಿರಿಯರಿಗೆ ಎಡೆ ಇಡುವ ದಿನ ಈ ಕಲ್ಲಿನಲ್ಲಿರುವ ಇಬ್ಬರನ್ನೂ ಹಿರಿಯರೆಂದು ನೆನೆಯಿರಿ, ಮನೆಯವರಷ್ಟೇ ಹೋಗಿ ಬನ್ನಿ. ಅವಳು ಬದುಕಿದ್ದಳು, ಸತ್ತಳು ಎಂಬುದನ್ನು ನೆನೆಯುವುದು ಬೇರೆ, ಹಾಗೆ ಸತ್ತದ್ದು ದೊಡ್ಡದು ಎನ್ನುವುದು ಬೇರೆ. ಬಳೆ ಏರಿಸಿ ‘ನಮ್ಮನೆ ಹೆಣ್ಣುಮಕ್ಕಳಿಗೂ ನಿನ್ನಂಥ ಮುತ್ತೈದೆತನ ಕೊಡು’ ಎಂದು ಬೇಡುವ ರೂಢಿಯಿದ್ದರೆ ಅದೊಂದನ್ನು ಬಿಡಿ. ನಿಮ್ಮ ಮಗಳಿಗೆ ಚುಚ್ಚುತ್ತಿರುವುದು ಬಹುಶಃ ಅದೇ, ಮತ್ತು ಅವಳಿಗೆ ಚುಚ್ಚಬೇಕಾದದ್ದೇ.

ತಾಯಿಯವರ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಅದಕ್ಕೆ ಸಾವಿರ ವರ್ಷದ ಬೇರು ನಿಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು 950ರದು. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟಲಿ ಎಂದು ಶಾಸನವೇ ಹೇಳುತ್ತದೆ. ಆದರೆ ಗಮನಿಸಿ, ಆ ಶಾಪ ಇರುವುದು ಪೂಜೆಗೆಂದು ಬಿಟ್ಟ ಭೂಮಿಯ ಉತ್ಪತ್ತಿ ತಿಂದು ಪೂಜೆ ತಪ್ಪಿಸುವವನ ಮೇಲೆ. ಅದು ಒಪ್ಪಂದ ಮುರಿಯುವವನಿಗೆ ಹಾಕಿದ ಹೆದರಿಕೆ. ಮಿಕ್ಕ ಶಾಸನಗಳ ಶಾಪಗಳೂ, ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪಕ್ಕೆ ಹೋಗಲಿ ಎನ್ನುವಂಥವು, ದಾನ ಕೆಡಿಸುವವರಿಗೆ ಹಾಕಿದಂಥವೇ. ಎಡೆ ತಪ್ಪಿದರೆ ಮನೆ ಹೆಣ್ಣುಮಕ್ಕಳಿಗೆ ಕೇಡೆಂದು ಯಾವ ಮಾಸ್ತಿಯ ಹೆಸರಿನಲ್ಲೂ ಬರೆದ ಶಾಸನ ನಾನು ಓದಿಲ್ಲ. ತಾಯಿಯವರಿಗೆ ಈ ಆತಕೂರಿನ ಕಥೆಯನ್ನೇ ಹೇಳಿ ನೋಡಿ. ವಾದಕ್ಕಿಂತ ಕಥೆ ಬೇಗ ಒಳಗೆ ಇಳಿಯುತ್ತದೆ.

ಪುರಾತತ್ವದವರಿಗೆ ಹೇಳಿದರೆ ಹೊಲ ಹೋಗುತ್ತದೆ ಎಂಬ ಹೆದರಿಕೆ ಎಲ್ಲ ಊರಲ್ಲೂ ಇದೆ, ಮತ್ತು ಅದರಿಂದಲೇ ಎಷ್ಟೋ ಕಲ್ಲುಗಳು ರಾತ್ರೋರಾತ್ರಿ ಬಾವಿ ಸೇರಿವೆ. ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕೆಂಬ ನಿಯಮ ಇರುವುದು ನಿಜ. ಅದು ಅಧಿಸೂಚನೆ ಹೊರಡಿಸಿ ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕಗಳಿಗೆ ಮಾತ್ರ. ಘೋಷಣೆಗೆ ಮೊದಲು ಆಕ್ಷೇಪಣೆಗೆ ಎರಡು ತಿಂಗಳು ಕಾಲಾವಕಾಶವೂ ಇದೆ. ಬದುವಿನ ಬಿಡಿ ವೀರಗಲ್ಲುಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ. ಕಲ್ಲಿದೆ ಎಂದು ಅರ್ಜಿ ಬರೆದ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ.

ನಿಮ್ಮ ಅದೃಷ್ಟಕ್ಕೆ ಬೇಕಾದ ಕಚೇರಿಗಳೆಲ್ಲ ಮೈಸೂರಿನಲ್ಲೇ ಇವೆ. ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ, ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ. ಹೋಗುವ ಮೊದಲು ನಾಡಿನ ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 7ನೇ ಸಂಪುಟ ನೋಡಿ. ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಊರುವಾರು ಇವೆ. ನಿಮ್ಮ ಕಲ್ಲನ್ನು ಬಣ್ಣ ಬಳಿಯುವುದಕ್ಕೆ ಎಷ್ಟೋ ಮೊದಲೇ ಓದಿಟ್ಟಿರುವ ಸಾಧ್ಯತೆ ಚೆನ್ನಾಗಿದೆ. ಹಾಗಿದ್ದರೆ ಅವರಿಬ್ಬರ ಹೆಸರೂ ಸಿಗಬಹುದು.

ರಸ್ತೆ ವಿಷಯಕ್ಕೆ ತಡ ಮಾಡಬೇಡಿ. ತಹಶೀಲ್ದಾರರಿಗೆ, ಪಂಚಾಯಿತಿ ಪಿಡಿಒಗೆ, ರಸ್ತೆ ಮಾಡಿಸುತ್ತಿರುವ ಇಲಾಖೆಯ ಎಂಜಿನಿಯರಿಗೆ, ಮೈಸೂರಿನ ಪುರಾತತ್ವ ಇಲಾಖೆಗೆ ಒಂದೇ ಅರ್ಜಿಯ ನಾಲ್ಕು ಪ್ರತಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಸರ್ವೆ ನಂಬರು, ನಾಲ್ಕು ದಿಕ್ಕಿನಿಂದ ತೆಗೆದ ಫೋಟೊ, ಅಳತೆ, ಮೊಬೈಲಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ ಅದರಲ್ಲಿರಲಿ. ಚರಂಡಿಯನ್ನು ಎರಡು ಮೂರು ಅಡಿ ಬಾಗಿಸಿದರೆ ಕಲ್ಲು ಇದ್ದಲ್ಲೇ ಉಳಿಯುತ್ತದೆಯೇ ಎಂದು ಮೊದಲು ಕೇಳಿ, ಎಷ್ಟೋ ಕಡೆ ಅದು ಸಾಧ್ಯವಿರುತ್ತದೆ. ಆಗದಿದ್ದರೆ ನಿಮ್ಮ ಹೊಲದಲ್ಲೇ ಒಳಕ್ಕೆ ಸರಿಸುವುದು ಎರಡನೆಯ ಆಯ್ಕೆ. ವಸ್ತುಸಂಗ್ರಹಾಲಯ ಕೊನೆಯದು. ಅಲ್ಲಿ ಕಲ್ಲು ಭದ್ರ, ಆದರೆ ಯಾವ ಹೊಲ, ಯಾವ ದಾರಿ, ಯಾವ ಕೆರೆ ಪಕ್ಕದಲ್ಲಿ ಸತ್ತರೆಂಬುದು ತಪ್ಪಿಹೋಗುತ್ತದೆ. ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಅದನ್ನು ನೋಡಲು ಆತಕೂರಿನವರೇ ಬಸ್ಸು ಹತ್ತಬೇಕು.

ಸರಿಸುವುದಾದರೆ ಇಲಾಖೆಯವರ ಎದುರಿನಲ್ಲೇ, ಪಂಚನಾಮೆ ಮಾಡಿಸಿ. ತೂಕದ ಅಂದಾಜಿರಲಿ. ಹೂತ ಭಾಗವೂ ಸೇರಿ ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, ಎಂಟು ಅಂಗುಲ ದಪ್ಪದ ಗ್ರಾನೈಟ್ ಎಂದರೆ ಹೆಚ್ಚುಕಡಿಮೆ 800 ಕೆಜಿ. ಆಳುಗಳು ಹಾರೆ ಕೊಟ್ಟು ಎಬ್ಬಿಸುವ ವಸ್ತುವಲ್ಲ. ಜೆಸಿಬಿ ಬಕೆಟ್ಟಿನಿಂದ ಬುಡಕ್ಕೆ ಗುದ್ದಿ ಅಲ್ಲಾಡಿಸಿದರೆ ನೆಲಮಟ್ಟಕ್ಕೆ ಸರಿಯಾಗಿ ಎರಡು ತುಂಡಾಗುತ್ತದೆ, ಮುರಿದ ವೀರಗಲ್ಲುಗಳಲ್ಲಿ ಈ ಗಾಯವೇ ಹೆಚ್ಚು. ಮುಖ ಯಾವ ದಿಕ್ಕಿಗಿದೆ ಎಂದು ಬರೆದಿಟ್ಟುಕೊಂಡು, ಸುತ್ತ ಮೂರಡಿ ಅಗಲಕ್ಕೆ ಕೈಯಿಂದಲೇ ಮಣ್ಣು ಬಿಡಿಸಿ ಬುಡ ಕಾಣಬೇಕು. ಕೆತ್ತನೆಯ ಮೇಲೆ ಗೋಣಿಚೀಲ, ಹಳೇ ಟ್ಯೂಬು ಸುತ್ತಬೇಕು. ಕ್ರೇನಿಗೆ ಅಗಲದ ನೈಲಾನ್ ಬೆಲ್ಟು ಎರಡು ಕಡೆ ಹಾಕಿ ಎತ್ತಬೇಕು. ಕಬ್ಬಿಣದ ಸರಪಳಿ ಬೇಡ, ತೋಳಿನ ಉಬ್ಬು ಅದಕ್ಕೇ ಮೊದಲು ಹಾರುವುದು. ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ಕೆತ್ತನೆ ಮೇಲಾಗಿ, ಕೆಳಗೆ ಮರಳು ಅಥವಾ ಭತ್ತದ ಹುಲ್ಲು ಹಾಸಿ ಮಲಗಿಸಿ. ಹೊಸ ಜಾಗದಲ್ಲಿ ಎರಡಡಿ ಗುಂಡಿ, ತಳಕ್ಕೆ ಜಲ್ಲಿ, ಸುತ್ತ ಕಲ್ಲು ಮಣ್ಣು ಗಿಡಿದು, ಮುಖ ಮೊದಲಿನ ದಿಕ್ಕಿಗೇ ನಿಲ್ಲಿಸಿ. ಸುತ್ತಲ ನೆಲ ನೀರು ನಿಲ್ಲದ ಹಾಗೆ ಹೊರಕ್ಕೆ ಇಳಿಜಾರಿರಲಿ. ಸಿಮೆಂಟ್ ಬೇಡವೆಂದದ್ದು ಇದಕ್ಕೇ. ಬುಡಕ್ಕೆ ಸಿಮೆಂಟ್ ಕೊಟ್ಟರೆ ನೀರು ಇಂಗಲು ದಾರಿಯಿಲ್ಲದೆ ಕಲ್ಲಿನೊಳಗೆ ಏರುತ್ತದೆ, ಸಿಮೆಂಟಿನ ಉಪ್ಪೂ ಜೊತೆಗೆ ಏರಿ ಮೇಲ್ಮೈ ಹಪ್ಪಳದಂತೆ ಎದ್ದು ಉದುರುತ್ತದೆ. ಕೆತ್ತನೆ ಇರುವುದು ಆ ಮೇಲ್ಮೈಯಲ್ಲೇ.

ಕೊನೆಗೆ ಹಸಿರು ಬಣ್ಣ. ಚಾಕುವಿನಲ್ಲಿ ಕೆರೆಯಬೇಡಿ, ಅಕ್ಷರದ ಅಂಚೂ ಜೊತೆಗೆ ಹೋಗುತ್ತದೆ. ತಂತಿ ಬ್ರಷ್, ಆಸಿಡ್, ಬಣ್ಣದಂಗಡಿಯ ಥಿನ್ನರ್, ಪ್ರೆಶರ್ ಪಂಪು ಯಾವುದೂ ಬೇಡ. ಅದು ಇಲಾಖೆಯ ರಾಸಾಯನಿಕ ಸಂರಕ್ಷಣೆಯವರ ಕೆಲಸ, ಅರ್ಜಿಯಲ್ಲಿ ಇದನ್ನೂ ಸೇರಿಸಿ. ನೀವು ಮಾಡಬಹುದಾದದ್ದು ಬರೀ ನೀರು, ಮೆದು ನಾರಿನ ಬ್ರಷ್ ಹಿಡಿದು ಧೂಳು ತೊಳೆಯುವುದು. ಇನ್ನು ಮೇಲೆ ಎಣ್ಣೆ, ಕುಂಕುಮ ಕಲ್ಲಿನ ಮೈಗೆ ಹಚ್ಚದೆ ಮುಂದಿನ ಚಪ್ಪಡಿಯ ಮೇಲಿಡಿ. ತೆಂಗಿನಕಾಯಿ ಒಡೆಯಲು ಬೇರೆ ಗುಂಡುಕಲ್ಲು ಇರಲಿ. ದೀಪ ಎರಡಡಿ ದೂರದಲ್ಲಿರಲಿ, ಇಲ್ಲದಿದ್ದರೆ ಮಸಿ ಕೂರುತ್ತದೆ. ಅಕ್ಷರ ಕಾಣಲೆಂದು ಮೈದಾಹಿಟ್ಟು, ವಿಭೂತಿ ತುಂಬುವವರಿದ್ದಾರೆ. ಹಿಟ್ಟಿಗೆ ಇರುವೆ, ಪಾಚಿ ಬರುತ್ತವೆ. ಅದರ ಬದಲು ರಾತ್ರಿ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬಣ್ಣದಡಿಯಿಂದಲೂ ಎಷ್ಟೋ ಅಕ್ಷರಗಳ ನೆರಳು ಬೀಳುತ್ತದೆ. ಮಗಳಿಗೆ ಈ ಕೆಲಸ ಒಪ್ಪಿಸಿ.

ಬಣ್ಣ ತೆಗೆದ ಮೇಲೆ ಶಾಸನ ವಿಭಾಗದವರು ಪಡಿಯಚ್ಚು ತೆಗೆಯುತ್ತಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಆರುತ್ತ ಬಂದಾಗ ಮಸಿಯ ಉಂಡೆ ಒತ್ತುತ್ತಾರೆ. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಾಗದ ಆರಲು ಬಿಸಿಲು ಬೇಕಾದ್ದರಿಂದ ಅವರನ್ನು ಮಳೆಗಾಲ ಕಳೆದ ಮೇಲೆ ಕರೆಸಿಕೊಳ್ಳಿ, ರಾಗಿ ಕೊಯ್ಲಾದ ಮೇಲಾದರೆ ಹೊಲದಲ್ಲಿ ಓಡಾಡಲೂ ಜಾಗವಿರುತ್ತದೆ.